ಬಸುರಿಯ ಏದುಸಿರು: ಸಹಜವಾದುದು ಯಾವುದು, ಅಪಾಯದ್ದು ಯಾವುದು?



ಮನೆಯಲ್ಲಿ ಸೊಸೆಯೋ ಮಗಳೋ ಬಸುರಿಯಾದಾಗ, "ನಾಲ್ಕು ಹೆಜ್ಜೆ ಹಾಕಿದರೆ ಉಸಿರು ಸಾಲದಂತಾಗುತ್ತದೆ" ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಆಗ ಮನೆಯ ಹಿರಿಯರು, "ಬಸುರಿಯಲ್ಲವೆ, ಏದುಸಿರು ಇದ್ದದ್ದೇ. ಕೂಸು ಮೇಲಕ್ಕೆ ಒತ್ತುತ್ತಿದೆ" ಎಂದು ಸಮಾಧಾನ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಆರೋಗ್ಯವಾಗಿರುವ ಗರ್ಭಿಣಿಯರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ದಿನ ಇಂಥ ಏದುಸಿರು ಬರುತ್ತದೆ. ಆದರೆ ಇದೇ ಮಾತಿನ ಮರೆಯಲ್ಲಿ ರಕ್ತಹೀನತೆ, ಹೃದಯದ ಕಾಯಿಲೆ, ರಕ್ತದ ಒತ್ತಡ ಮುಂತಾದ ದೊಡ್ಡ ಶತ್ರುಗಳೂ ಅಡಗಿಕೊಳ್ಳುತ್ತವೆ. "ಇದ್ದದ್ದೇ" ಎಂದು ಸುಮ್ಮನಿದ್ದು, ಕೊನೆಗೆ ತಾಯಿಯನ್ನೇ ಕಳೆದುಕೊಂಡ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ.

ಹಾಗಾದರೆ ಸಹಜವಾದ ಏದುಸಿರನ್ನೂ ಅಪಾಯದ ಏದುಸಿರನ್ನೂ ಬೇರೆಮಾಡಿ ನೋಡುವುದು ಹೇಗೆ? ಬಸುರಿಯಲ್ಲಿ ಉಸಿರು ಏಕೆ ಬದಲಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಇದು ಅಷ್ಟೇನೂ ಕಷ್ಟವಲ್ಲ.

ಉಸಿರನ್ನು ನಡೆಸುವವರು ಯಾರು?

ಉಸಿರಾಡುವುದು ಶ್ವಾಸಕೋಶ. ಆದರೆ ಅದು ತಾನಾಗಿ ಹಿಗ್ಗಲಾರದು, ಕುಗ್ಗಲಾರದು. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯೊಂದಿದೆ. ಅದು ಕೆಳಕ್ಕೆ ಇಳಿದಾಗ ಗಾಳಿ ಒಳಕ್ಕೆ ಬರುತ್ತದೆ. ಮೇಲಕ್ಕೆ ಏರಿದಾಗ ಹೊರಕ್ಕೆ ಹೋಗುತ್ತದೆ. ಈ ವಪೆಗೆ ಅಪ್ಪಣೆ ಹೋಗುವುದು ಮೆದುಳಿನಿಂದ. ತಲೆಯ ಹಿಂಭಾಗದಲ್ಲಿ, ಮೆದುಳು ಬೆನ್ನುಹುರಿಯನ್ನು ಸೇರುವ ಕಡೆ, ಉಸಿರಾಟದ ಕೇಂದ್ರವಿದೆ. ನೀವು ನಿದ್ರೆಯಲ್ಲಿದ್ದರೂ ಈ ಕೇಂದ್ರ ನಿದ್ರೆ ಮಾಡುವುದಿಲ್ಲ. ನಿಮಿಷಕ್ಕೆ ಹದಿನಾಲ್ಕು ಸಲದಂತೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 20,000 ಸಲ ಅದು ಅಪ್ಪಣೆ ಕೊಡುತ್ತದೆ.

ಉಸಿರು ಎಷ್ಟು ಬೇಕೆಂಬುದನ್ನು ಈ ಕೇಂದ್ರ ಹೇಗೆ ತಿಳಿಯುತ್ತದೆ? ಒಳಕ್ಕೆ ಬರುವ ಆಮ್ಲಜನಕವನ್ನು ಅಳೆದು ತಿಳಿಯುತ್ತದೆಂದು ನೀವು ಊಹಿಸಬಹುದು. ಮುಖ್ಯವಾಗಿ ಹಾಗಲ್ಲ. ನಾವು ತಿಂದ ಅನ್ನ ದೇಹದಲ್ಲಿ ಉರಿದಾಗ ಹುಟ್ಟುವ ಹೊಗೆಯಂತಿರುವ ಇಂಗಾಲಾಮ್ಲ ವಾಯು, ಅಂದರೆ ಕಾರ್ಬನ್ ಡೈ ಆಕ್ಸೈಡು, ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಅದು ನೋಡುತ್ತಿರುತ್ತದೆ. ಇದನ್ನು 1905ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ವಾಯು ಅತ್ಯಲ್ಪ ಏರಿದರೂ ಸಾಕು, ಉಸಿರು ತಾನಾಗಿ ಜೋರಾಗುತ್ತದೆ. ಆಮ್ಲಜನಕ ಬಹಳ ಇಳಿದಾಗ ಎಚ್ಚರಿಸುವುದಕ್ಕೆ ಕುತ್ತಿಗೆಯ ರಕ್ತನಾಳದ ಬಳಿ ಬೇರೆಯೇ ಕಾವಲುಂಟು. ಅದನ್ನು ಕುರಿತು ಕೆಲಸಮಾಡಿದ ಬೆಲ್ಜಿಯಂ ದೇಶದ ಹೈಮಾನ್ಸ್ ಎಂಬುವರಿಗೆ 1938ರ ನೊಬೆಲ್ ಪಾರಿತೋಷಕ ದೊರೆಯಿತು.

ಕೆರೆಯ ನೀರುಗಂಟಿಯನ್ನು ನೆನೆದುಕೊಳ್ಳಿ. ಅವನ ಕಣ್ಣು ಗುರುತಿನ ಕಲ್ಲಿನ ಮೇಲೆ. ನೀರು ಆ ಗುರುತನ್ನು ಮೀರಿದರೆ ತೂಬು ಎತ್ತುತ್ತಾನೆ, ಇಳಿದರೆ ತಗ್ಗಿಸುತ್ತಾನೆ. ನಮ್ಮ ಮೆದುಳಿನ ಉಸಿರಾಟದ ಕೇಂದ್ರವೂ ಇಂಥ ಒಬ್ಬ ನೀರುಗಂಟಿ. ಇಂಗಾಲಾಮ್ಲ ವಾಯು ಗುರುತು ಮೀರಿದರೆ ಹೆಚ್ಚು ಉಸಿರಾಡಿಸಿ ಹೊರಕ್ಕೆ ಹಾಕುತ್ತಾನೆ. ರಕ್ತದ ಒತ್ತಡವನ್ನು ಅಳೆಯುವ ಪಾದರಸದ ಅಳತೆಯಲ್ಲಿಯೇ ಹೇಳುವುದಾದರೆ, ಸಾಮಾನ್ಯ ಜನರಲ್ಲಿ ಈ ಗುರುತು ಸುಮಾರು 40 ಮಿಲಿಮೀಟರು.

ಹಾರ್ಮೋನು ಗುರುತಿನ ಕಲ್ಲನ್ನು ಇಳಿಸುತ್ತದೆ

ಹಾರ್ಮೋನು ಎಂದರೆ ದೇಹದ ಒಂದು ಕಡೆ ತಯಾರಾಗಿ, ರಕ್ತದೊಡನೆ ಹರಿದು, ಇನ್ನೊಂದು ಕಡೆ ಕೆಲಸ ಮಾಡಿಸುವ ರಸ. ಓಲೆ ಹೊತ್ತ ಅಂಚೆಯವನಂತೆ ಅದು. ಈ ಹೆಸರನ್ನು ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ವೈದ್ಯ ವಿಜ್ಞಾನಿ ಬಳಕೆಗೆ ತಂದದ್ದೂ 1905ರಲ್ಲಿಯೇ.

ಹಸು ಸಾಕುವವರಿಗೆ ಈ ಮಾತು ಹೊಸದಲ್ಲ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ; ಗಬ್ಬ ನಿಂತರೆ ಬೆದೆ ನಿಲ್ಲುತ್ತದೆ. ಹಾಗೆ ಬೆದೆಯನ್ನು ತಡೆದು ಗರ್ಭವನ್ನು ಕಾಪಾಡುವ ಹಾರ್ಮೋನಿನ ಹೆಸರು ಪ್ರೊಜೆಸ್ಟರೋನ್. ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಹಳದಿ ಗಂಟು ಅದನ್ನು ತಯಾರಿಸುತ್ತದೆ. ಹೆಂಗಸರಲ್ಲಿಯೂ ಇದೇ ಹಾರ್ಮೋನು ಇದೇ ಕೆಲಸವನ್ನು ಮಾಡುತ್ತದೆ. ಮೊದಲ ಎರಡು ತಿಂಗಳು ಹಳದಿ ಗಂಟಿನಿಂದಲೂ, ಆಮೇಲೆ ಹೆರಿಗೆಯವರೆಗೆ ಮಾಸಿನಿಂದಲೂ ಇದು ಬರುತ್ತದೆ. ದಿನ ತುಂಬುವ ಹೊತ್ತಿಗೆ ಇದರ ಪ್ರಮಾಣ ಹತ್ತಾರು ಪಟ್ಟು ಏರಿರುತ್ತದೆ.

ಪ್ರೊಜೆಸ್ಟರೋನ್ ಗರ್ಭಕೋಶದ ಮೇಲೆ ಮಾತ್ರವಲ್ಲ, ಮೆದುಳಿನ ಮೇಲೂ ಕೆಲಸ ಮಾಡುತ್ತದೆ. ಅದನ್ನು ಗಂಡಸರಿಗೆ ಕೊಟ್ಟು ನೋಡಿದಾಗಲೂ ಅವರ ಉಸಿರು ಹೆಚ್ಚಾಯಿತು. ಮೆದುಳಿನ ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಕೊಂಡಿಗಳಿವೆ, ಅವುಗಳ ಮೂಲಕವೇ ಉಸಿರು ಹೆಚ್ಚುತ್ತದೆ ಎಂಬುದನ್ನು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿದರು. ಈಸ್ಟ್ರೋಜನ್ ಎಂಬ ಇನ್ನೊಂದು ಸ್ತ್ರೀ ಹಾರ್ಮೋನು ಈ ಕೊಂಡಿಗಳನ್ನು ಹೆಚ್ಚಿಸಿ ಅದಕ್ಕೆ ನೆರವಾಗುತ್ತದೆ.

ಇದರ ಫಲವೇನು? ನೀರುಗಂಟಿಗೆ, "ಗುರುತಿನ ಕಲ್ಲನ್ನು 40ರಿಂದ 30ಕ್ಕೆ ಇಳಿಸು" ಎಂದು ಅಪ್ಪಣೆ ಬಂದಂತಾಗುತ್ತದೆ. ಹಿಂದೆ ಸಾಕೆನಿಸುತ್ತಿದ್ದ ಉಸಿರು ಈಗ ಸಾಲದು. ಮೊದಲು ಒಂದು ಉಸಿರಿಗೆ ಅರ್ಧ ಲೀಟರು ಗಾಳಿ ಎಳೆದುಕೊಳ್ಳುತ್ತಿದ್ದವಳು ಈಗ ಮುಕ್ಕಾಲು ಲೀಟರಿನ ಹತ್ತಿರ ಎಳೆದುಕೊಳ್ಳುತ್ತಾಳೆ. ನಿಮಿಷಕ್ಕೆ 7 ಲೀಟರು ಇದ್ದುದು ಸುಮಾರು 10 ಲೀಟರು ಆಗುತ್ತದೆ. ದಿನದ ಲೆಕ್ಕದಲ್ಲಿ 10,000 ಲೀಟರು ಇದ್ದುದು 14,000 ಲೀಟರು! ಈ ಹೆಚ್ಚಿನ ಕೆಲಸವನ್ನೇ ಅವಳು "ಉಸಿರು ಸಾಲದು" ಎಂದು ಅನುಭವಿಸುವುದು.

ಗುರುತನ್ನು ಇಳಿಸಿದ್ದು ಏಕೆ?

ಹೊಟ್ಟೆಯೊಳಗಿನ ಕೂಸಿಗೆ ಉಸಿರಾಡಲು ಗಾಳಿಯಿಲ್ಲ. ಅದರ ರಕ್ತದಲ್ಲಿನ ಇಂಗಾಲಾಮ್ಲ ವಾಯು ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಇಳಿದು, ತಾಯಿಯ ಉಸಿರಿನಿಂದಲೇ ಹೊರಕ್ಕೆ ಹೋಗಬೇಕು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಹರಿಯಬೇಕಾದರೆ ಕೆಳಗಿನ ಮಟ್ಟ ತಗ್ಗಾಗಿರಬೇಕಷ್ಟೆ? ಹಾಗೆಯೇ ತಾಯಿಯ ರಕ್ತದಲ್ಲಿ ಈ ವಾಯುವಿನ ಮಟ್ಟ ತಗ್ಗಿದಷ್ಟೂ ಕೂಸಿನ ಕಡೆಯಿಂದ ಅದು ಸುಲಭವಾಗಿ ಇಳಿದು ಬರುತ್ತದೆ. ಅಂದರೆ ತಾಯಿ ಇಬ್ಬರಿಗಾಗಿ ಉಣ್ಣುವಂತೆಯೇ ಇಬ್ಬರಿಗಾಗಿ ಉಸಿರಾಡುತ್ತಾಳೆ. ಇದು ರೋಗವಲ್ಲ, ಪ್ರಕೃತಿಯ ಏರ್ಪಾಟು.

"ಕೂಸು ಮೇಲಕ್ಕೆ ಒತ್ತುತ್ತದೆ" ಎಂಬ ಮಾತು ಕೊನೆಯ ತಿಂಗಳುಗಳಲ್ಲಿ ಸ್ವಲ್ಪಮಟ್ಟಿಗೆ ನಿಜ. ಆದರೆ ಉಸಿರು ಹೆಚ್ಚುವುದು ಹೊಟ್ಟೆ ಕಾಣಿಸಿಕೊಳ್ಳುವುದಕ್ಕೆ ಮುಂಚೆ, ಮೊದಲ ಮೂರು ತಿಂಗಳಲ್ಲಿಯೇ. ಆಗ ಕೂಸು ಒಂದು ಲಿಂಬೆಹಣ್ಣಿಗಿಂತ ದೊಡ್ಡದೇನಲ್ಲ. ಅದು ಎದೆಯನ್ನು ಒತ್ತುವುದಾದರೂ ಹೇಗೆ?

ನೆನಪಿಡಬೇಕಾದ ಮೂರು ಗುರುತುಗಳು

ಹಾರ್ಮೋನಿನಿಂದ ಬರುವ ಸಹಜ ಏದುಸಿರಿಗೆ ಮೂರು ಗುರುತುಗಳುಂಟು.

1. ಅದು ಮೆಲ್ಲಮೆಲ್ಲನೆ ಬರುತ್ತದೆ. ಹಾರ್ಮೋನು ದಿನೇ ದಿನೇ ಏರುವುದೇ ಹೊರತು ಒಂದೇ ರಾತ್ರಿಯಲ್ಲಿ ಏರುವುದಿಲ್ಲ. ನಿನ್ನೆ ಚೆನ್ನಾಗಿದ್ದವಳಿಗೆ ಇಂದು ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ಹಾರ್ಮೋನಿನ ಕೆಲಸವಲ್ಲ.

2. ಅದು ಉಸಿರನ್ನು ಆಳ ಮಾಡುತ್ತದೆ, ಚುರುಕು ಮಾಡುವುದಿಲ್ಲ. ಇದು ಬಹು ಮುಖ್ಯವಾದ ಮಾತು. ಬಸುರಿಯಲ್ಲಿ ಒಂದೊಂದು ಉಸಿರೂ ದೊಡ್ಡದಾಗುತ್ತದೆ. ಉಸಿರಿನ ಎಣಿಕೆ ಮಾತ್ರ ಹೆಚ್ಚುಕಡಿಮೆ ಹಿಂದಿನಷ್ಟೇ ಇರುತ್ತದೆ. ಸುಮ್ಮನೆ ಕುಳಿತಿರುವಾಗಲೂ ಎಣಿಕೆ ಏರಿದ್ದರೆ ಬೇರೆ ಕಾರಣವನ್ನು ಹುಡುಕಬೇಕು.

3. ಅದು ಹೆರಿಗೆಯೊಡನೆ ಕೊನೆಗಾಣುತ್ತದೆ. ಮಾಸು ಹೊರಬಿದ್ದ ಕೂಡಲೇ ಹಾರ್ಮೋನಿನ ಮೂಲ ಹೋಯಿತು. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಉಸಿರು ಹಿಂದಿನಂತಾಗುತ್ತದೆ. ಬಾಣಂತಿಗೆ ಹೊಸದಾಗಿ ಏದುಸಿರು ಬಂದರೆ "ಬಾಣಂತಿತನದ ಸುಸ್ತು" ಎನ್ನಕೂಡದು. ಹೆರಿಗೆಯ ಮುಂಚಿನ ಒಂದು ತಿಂಗಳು ಮತ್ತು ಅನಂತರದ ಐದು ತಿಂಗಳಲ್ಲಿ ಹೃದಯದ ಸ್ನಾಯು ಬಲಗುಂದುವ ಒಂದು ಕಾಯಿಲೆಯುಂಟು. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದೂ ಉಂಟು. ಎರಡೂ ಪ್ರಾಣಕ್ಕೆ ಅಪಾಯ.

ಉಸಿರನ್ನು ಎಣಿಸುವುದು ಹೇಗೆ?

ಇದಕ್ಕೆ ಯಂತ್ರ ಬೇಡ; ಗಡಿಯಾರವೋ ಫೋನೋ ಇದ್ದರೆ ಸಾಕು. ಗರ್ಭಿಣಿಯನ್ನು ಹತ್ತು ನಿಮಿಷ ಸುಮ್ಮನೆ ಕೂಡಿಸಿ. ಎಣಿಸುತ್ತೇವೆಂದು ಹೇಳಬೇಡಿ, ಹೇಳಿದರೆ ಅವಳ ಉಸಿರು ತಾನಾಗಿ ಬದಲಾಗುತ್ತದೆ. ಎದೆ ಒಮ್ಮೆ ಏರಿ ಇಳಿದರೆ ಒಂದು. ಹೀಗೆ ಪೂರ್ತಿ ಒಂದು ನಿಮಿಷ ಎಣಿಸಿ. 12ರಿಂದ 20ರವರೆಗೆ ಇದ್ದರೆ ಸರಿ. 20 ಮೀರಿದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಣಿಸಿ. ಆಗಲೂ ಮೀರಿದ್ದರೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. 30 ಮುಟ್ಟಿದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಣಿಕೆ ಸರಿಯಾಗಿದ್ದರೂ ಈ ಕೆಳಗಿನ ಯಾವುದಾದರೊಂದು ಕಂಡರೆ ಕಾಯಬೇಡಿ:

ಕುಳಿತಲ್ಲಿಯೇ ಏದುಸಿರು, ಮಾತನಾಡುವಾಗ ವಾಕ್ಯ ಮುಗಿಸಲಾಗದೆ ನಿಲ್ಲಿಸುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುವುದು, ಎದೆನೋವು, ಕೆಮ್ಮಿದಾಗ ರಕ್ತ, ತುಟಿ ಉಗುರು ನೀಲಿಯಾಗುವುದು, ಜ್ವರ ಅಥವಾ ಬಿಡದ ಕೆಮ್ಮು, ಮುಖ ಮತ್ತು ಕೈ ಊದಿಕೊಂಡು ತಲೆನೋವು, ಕಣ್ಣು ಮಂಜು, ಒಂದೇ ಕಾಲು ಊದಿ ನೋಯುವುದು, ಎದೆ ಡವಗುಟ್ಟಿ ತಲೆಸುತ್ತು ಬರುವುದು.

ಇಂಥ ಸಮಯದಲ್ಲಿ ಗರ್ಭಿಣಿಯನ್ನು ಅಂಗಾತ ಮಲಗಿಸಬೇಡಿ. ಒರಗಿ ಕೂಡಿಸಿ, ಇಲ್ಲವೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನು ಮಾಡಿ. ತಾಯಿ ಕಾರ್ಡನ್ನು ಜೊತೆಯಲ್ಲಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ದೊಡ್ಡ ಶತ್ರು ರಕ್ತಹೀನತೆ

ಹಳ್ಳಿಯ ಗರ್ಭಿಣಿಯ ಏದುಸಿರಿಗೆ ರಕ್ತಹೀನತೆಯಷ್ಟು ಸಾಮಾನ್ಯವಾದ ಕಾಯಿಲೆಯ ಕಾರಣ ಮತ್ತೊಂದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ 100ಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತು. ಆಮ್ಲಜನಕವನ್ನು ಹೊರುವುದು ರಕ್ತದಲ್ಲಿನ ಹಿಮೋಗ್ಲೋಬಿನ್. ಉಸಿರು ಎಷ್ಟು ಆಳವಾದರೇನು? ಹೊರುವ ಗಾಡಿಗಳೇ ಅರ್ಧವಾದರೆ ಸರಕು ಊರನ್ನು ಮುಟ್ಟುವುದಿಲ್ಲ. ಆಗ ಹೃದಯ ಎರಡರಷ್ಟು ದುಡಿಯಬೇಕಾಗುತ್ತದೆ. ಹೆರಿಗೆಯಲ್ಲಿ ಎಲ್ಲರಿಗೂ ಹೋಗುವಷ್ಟು ರಕ್ತ ಹೋದರೂ ಅಂಥವಳು ತಡೆದುಕೊಳ್ಳಲಾರಳು.

ಹಾರ್ಮೋನಿನ ಏದುಸಿರು ಮತ್ತು ರಕ್ತಹೀನತೆಯ ಏದುಸಿರು ಎರಡೂ ಮೆಲ್ಲಮೆಲ್ಲನೆ ಬರುವುದರಿಂದ ಕಣ್ಣಳತೆಯಲ್ಲಿ ಮೋಸಹೋಗುವುದು ಸುಲಭ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಗೆ, ಉಗುರು ಬಿಳಿಚಿಕೊಂಡಿದ್ದರೆ ಅನುಮಾನಪಡಿ. ಆದರೆ ನಿಜ ತಿಳಿಯುವುದು ರಕ್ತ ಪರೀಕ್ಷೆಯಿಂದಲೇ. ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಯಲ್ಲಿಯೇ ಚಿಕಿತ್ಸೆಯಾಗಬೇಕು. ಈ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಮಾಡುತ್ತಾರೆ. 2016ರಿಂದ ಪ್ರತಿ ತಿಂಗಳೂ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆಯ ದಿನವೆಂದು ಗೊತ್ತುಮಾಡಿದ್ದಾರೆ.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆಗಳನ್ನೂ, ಹೆರಿಗೆಯಾದ ಮೇಲೆ ಮತ್ತೆ 180 ಮಾತ್ರೆಗಳನ್ನೂ ಕೊಡುವ ಕ್ರಮವಿದೆ. ಮಾತ್ರೆ ತಂದು ಗೂಡಿನಲ್ಲಿಟ್ಟರೆ ರಕ್ತ ಏರದು. "ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ" ಎಂಬುದು ಬರಿಯ ಮಾತು. ಕಪ್ಪಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಲಿ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಚಹಾ ಬೇಡ; ಸುಣ್ಣದ ಅಂಶದ ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ಕೊಡಿ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ. ಸೊಪ್ಪು, ಕಾಳು, ಮೊಟ್ಟೆ, ಮಾಂಸ ತಿನ್ನುವವರಾದರೆ ಮಾಂಸ, ಇವುಗಳಲ್ಲಿ ಬಸುರಿಯ ಪಾಲು ಕೊನೆಯದಾಗದಿರಲಿ. ಮನೆಯವರೆಲ್ಲರೂ ಉಂಡ ಮೇಲೆ ಉಳಿದುದನ್ನು ಸೊಸೆ ಉಣ್ಣುವ ಪದ್ಧತಿ ಈ ಒಂಬತ್ತು ತಿಂಗಳಾದರೂ ನಿಲ್ಲಬೇಕು.

ಹೆಚ್ಚು ಗಾಳಿ ಎಂದರೆ ಹೆಚ್ಚು ಹೊಗೆ

ಇನ್ನೊಂದು ಸಂಗತಿಯನ್ನು ರೈತರು ಮುಖ್ಯವಾಗಿ ಗಮನಿಸಬೇಕು. ಗರ್ಭಿಣಿ ದಿನಕ್ಕೆ 4,000 ಲೀಟರು ಗಾಳಿಯನ್ನು ಹೆಚ್ಚಾಗಿ ಸೇವಿಸುತ್ತಾಳೆಂದು ಮೇಲೆ ಹೇಳಿದೆವು. ಆ ಗಾಳಿಯಲ್ಲಿ ಹೊಗೆಯಿದ್ದರೆ ಹೊಗೆಯೂ, ವಿಷವಿದ್ದರೆ ವಿಷವೂ ಅಷ್ಟೇ ಹೆಚ್ಚಾಗಿ ಒಳಕ್ಕೆ ಹೋಗುತ್ತದೆ. ಒಂದೇ ಅಡಿಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಕುಳಿತಿದ್ದರೆ ಬಸುರಿ ಸೊಸೆಯ ಎದೆಗೆ ಹೋಗುವ ಹೊಗೆಯೇ ಹೆಚ್ಚು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ಎಂಬ ವಿಷವಾಯು ಹಿಮೋಗ್ಲೋಬಿನ್ ಅನ್ನು ಹಿಡಿದುಕೊಂಡು, ಕೂಸಿಗೆ ಹೋಗಬೇಕಾದ ಆಮ್ಲಜನಕಕ್ಕೆ ಅಡ್ಡಬರುತ್ತದೆ. ಇದರಿಂದ ಕೂಸಿನ ತೂಕ ಕಡಿಮೆಯಾಗುತ್ತದೆ.

ಆದುದರಿಂದ ಗ್ಯಾಸ್ ಒಲೆ ಇರುವವರು ಬಸುರಿಯ ದಿನಗಳಲ್ಲಿ ಅದನ್ನೇ ಬಳಸಿ. ಸೌದೆ ಒಲೆಯೇ ಗತಿಯೆಂದರೆ ಒಲೆ ಊದುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಿ; ಒಣಗಿದ ಸೌದೆಯನ್ನೇ ಉರಿಸಿ; ಕಿಟಕಿ ಬಾಗಿಲು ತೆರೆದಿಡಿ. ಮನೆಯೊಳಗೆ ಬೀಡಿ ಸೇದಬೇಡಿ. ಬೆಳೆಗೆ ಔಷಧಿ ಹೊಡೆಯುವ ದಿನ ಗರ್ಭಿಣಿ ಆ ಹೊಲದಲ್ಲಿಯೂ, ಗಾಳಿ ಬೀಸುವ ದಿಕ್ಕಿನಲ್ಲಿಯೂ ಇರಕೂಡದು. ಔಷಧಿ ಬೆರೆಸುವುದು, ಹೊಡೆದವರ ಬಟ್ಟೆ ಒಗೆಯುವುದು ಅವಳ ಪಾಲಿಗೆ ಬೇಡ.

ಬೇರೆ ಹಾರ್ಮೋನುಗಳೂ ಉಸಿರಿನ ಮೇಲೆ ಕೈಯಾಡಿಸುತ್ತವೆ

ಈ ಪಾಠ ಬಸುರಿಗೆ ಮಾತ್ರ ಸೀಮಿತವಲ್ಲ. ಗಂಟಲಿನ ಮುಂದಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ತೀರ ಕಡಿಮೆಯಾದರೆ ಮೆದುಳಿನ ನೀರುಗಂಟಿ ಮಂಕಾಗುತ್ತಾನೆ. ಇಂಗಾಲಾಮ್ಲ ವಾಯು ಏರಿದರೂ ತೂಬು ಎತ್ತುವುದಕ್ಕೆ ತಡಮಾಡುತ್ತಾನೆ. ಸದಾ ಆಯಾಸ, ಚಳಿ ತಡೆಯಲಾರದಿರುವುದು, ಒಣಚರ್ಮ, ಮಲಬದ್ಧತೆ ಇದ್ದವರು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಈ ಹಾರ್ಮೋನಿಗೆ ಅಯೋಡಿನ್ ಬೇಕೇಬೇಕು. ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಸರ್ಕಾರ 1962ರಲ್ಲಿ ಆರಂಭಿಸಿದ್ದು ಇದಕ್ಕಾಗಿಯೇ. ಅಯೋಡಿನ್ ಬೆರೆಸಿದ ಉಪ್ಪನ್ನೇ ತನ್ನಿ; ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಹಾಗೆಯೇ ಮುಟ್ಟು ನಿಂತ ಹೆಂಗಸರಲ್ಲಿ ಪ್ರೊಜೆಸ್ಟರೋನ್ ಇಳಿದುಹೋಗುತ್ತದೆ. ನಿದ್ರೆಯಲ್ಲಿ ಗೊರಕೆ ಹೊಡೆದು, ಮಧ್ಯೆ ಮಧ್ಯೆ ಉಸಿರು ನಿಂತು, ಬೆಚ್ಚಿ ಏಳುವ ತೊಂದರೆ ಆ ವಯಸ್ಸಿನ ಮೇಲೆ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಮನೆಯ ಅಜ್ಜಿ ಹಗಲೆಲ್ಲ ತೂಕಡಿಸುತ್ತಿದ್ದರೆ "ವಯಸ್ಸಾಯಿತು" ಎಂದಷ್ಟೇ ಹೇಳಿ ಬಿಡಬೇಡಿ, ವೈದ್ಯರಿಗೆ ತಿಳಿಸಿ.

ಕೊನೆಯ ಮಾತು

ಬಾಂಧವರೇ, ನೀವು ಹಸು ಗಬ್ಬವಾದ ತಾರೀಖನ್ನು ಗೋಡೆಯ ಮೇಲೆ ಬರೆದಿಡುತ್ತೀರಿ. ಅದೇ ಗೋಡೆಯ ಮೇಲೆ ಸೊಸೆಯ ತಪಾಸಣೆಯ ದಿನ, ಅವಳ ಹಿಮೋಗ್ಲೋಬಿನ್ ಲೆಕ್ಕ, ವಾರಕ್ಕೊಮ್ಮೆ ಎಣಿಸಿದ ಉಸಿರಿನ ಲೆಕ್ಕ, ಇವು ಮೂರನ್ನೂ ಬರೆದಿಡಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವನ್ನು ತೋರಿಸಿ. ಮೆಲ್ಲನೆ ಬಂದು, ಆಳವಾಗಿ ನಡೆದು, ಹೆರಿಗೆಯೊಡನೆ ಹೋಗುವ ಏದುಸಿರು ತಾಯಿಯ ದೇಹ ಕೂಸಿಗಾಗಿ ಮಾಡುವ ದುಡಿಮೆ. ಅದಕ್ಕೆ ಬೇಕಾದುದು ಸ್ವಲ್ಪ ವಿಶ್ರಾಂತಿ, ಒಳ್ಳೆಯ ಊಟ, ಶುದ್ಧವಾದ ಗಾಳಿ. ಥಟ್ಟನೆ ಬಂದದ್ದು, ಚುರುಕಾಗಿ ನಡೆಯುವುದು, ಹೆರಿಗೆಯ ಮೇಲೂ ಉಳಿಯುವುದು ರೋಗದ ಕರೆ. ಅದಕ್ಕೆ ಬೇಕಾದುದು ವೈದ್ಯರು, ಅದೂ ಅಂದೇ.